ಪೀಲ್, ಹೈಡ್ರಾ, ಲೇಸರ್, ಸೂಜಿ: ಬೆಂಗಳೂರಿನ ಸ್ಕಿನ್ ಕ್ಲಿನಿಕ್‌ಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು, ಯಾರ ಕೈಗೆ ಮುಖ ಕೊಡಬಹುದು

ಜಯನಗರ, ಮಲ್ಲೇಶ್ವರ, ಎಚ್‌ಎಸ್‌ಆರ್ ಲೇಔಟ್, ಎಲ್ಲಿ ನೋಡಿದರೂ ‘ಸ್ಕಿನ್, ಹೇರ್, ಲೇಸರ್’ ಎಂಬ ಒಂದೇ ಬಗೆಯ ಬೋರ್ಡು. ಬೋರ್ಡಿನ ಹಿಂದಿರುವ ಅಂಗಡಿಗಳು ಮಾತ್ರ ಮೂರು ಬಗೆ. ಒಂದು, ಚರ್ಮರೋಗ ತಜ್ಞರು ತಾವೇ ಕೂತು ನೋಡುವ ಕ್ಲಿನಿಕ್. ಎರಡು, ಡಾಕ್ಟರ್ ವಾರಕ್ಕೆರಡು ದಿನ ಬಂದುಹೋಗಿ ಉಳಿದ ದಿನ ಥೆರಪಿಸ್ಟ್‌ಗಳೇ ಕೆಲಸ ಮಾಡುವ ಚೈನ್ ಕ್ಲಿನಿಕ್. ಮೂರು, ಮಷಿನ್ ಕೊಂಡಿಟ್ಟುಕೊಂಡ ಪಾರ್ಲರ್. ಮೂರರ ರೇಟ್ ಕಾರ್ಡಿನಲ್ಲೂ ಬರೆದಿರುವುದು ಅವೇ ಹೆಸರುಗಳು: ಗ್ಲೈಕಾಲಿಕ್ ಪೀಲ್, ಹೈಡ್ರಾ ಫೇಶಿಯಲ್, ಲೇಸರ್ ಟೋನಿಂಗ್, ಪಿಆರ್‌ಪಿ. ಹೆಸರು ನೋಡಿ ದರ ಹೋಲಿಸಿದರೆ ಪಾರ್ಲರ್ ಅಗ್ಗ ಅನ್ನಿಸುತ್ತದೆ. ಆದರೆ ಮುಖದ ಚಿಕಿತ್ಸೆಯಲ್ಲಿ ನಾವು ದುಡ್ಡು ಕೊಡುವುದು ದ್ರಾವಣಕ್ಕಲ್ಲ, ಮಷಿನ್‌ಗೂ ಅಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಿರುವ ಕೈಗೆ. ಈ ವಿಮರ್ಶೆ ಒಂದೊಂದು ಚಿಕಿತ್ಸೆಯನ್ನೂ ನೋಡುವುದು ಆ ಲೆಕ್ಕದಲ್ಲಿ.

ನಿಲ್ಲಿಸುವುದು ಇಷ್ಟು ಮುಖ್ಯವಾಗಲು ಕಾರಣ ನಮ್ಮ ಚರ್ಮ. 1975ರಲ್ಲಿ ಅಮೆರಿಕದ ಚರ್ಮತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಮಾಡಿದ ವಿಂಗಡಣೆ, ಆಮೇಲೆ ವಿಸ್ತರಣೆಗೊಂಡು, ಚರ್ಮವನ್ನು ಬಿಸಿಲಿಗೆ ಅದು ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರ ಮೇಲೆ 1ರಿಂದ 6ರವರೆಗೆ ಭಾಗ ಮಾಡುತ್ತದೆ. ನಮ್ಮಲ್ಲಿ ಹೆಚ್ಚಿನವರು 4 ಇಲ್ಲವೇ 5. ಈ ಚರ್ಮಕ್ಕೆ ಸುಕ್ಕು ತಡವಾಗಿ ಬರುತ್ತದೆ, ಅದು ಲಾಭ. ಆದರೆ ಸ್ವಲ್ಪ ಸುಟ್ಟರೂ, ಕೆರೆದರೂ, ಉರಿ ಎದ್ದರೂ ಆ ಜಾಗದಲ್ಲಿ ಮೆಲನಿನ್ ಸುರಿದು ಕಪ್ಪು ಕಲೆ ಕೂರುತ್ತದೆ, ತಿಂಗಳುಗಟ್ಟಲೆ ಹೋಗುವುದಿಲ್ಲ. ವಿದೇಶಿ ವಿಡಿಯೊಗಳಲ್ಲಿ ಮೂರು ದಿನ ಕೆಂಪಗಾಗಿ ನಾಲ್ಕನೇ ದಿನ ಫಳಫಳ ಹೊಳೆಯುವ ಮುಖ ನೋಡಿ ಅದೇ ತೀವ್ರತೆಯ ಪೀಲ್ ಕೇಳುವವರಿದ್ದಾರೆ. ಆ ಮುಖ 1 ಅಥವಾ 2ನೇ ಬಗೆಯದು. ಅದೇ ಕೆಂಪು ನಮ್ಮ ಕೆನ್ನೆಯ ಮೇಲೆ ಎರಡು ವಾರದಲ್ಲಿ ಕಂದು ನಕಾಶೆಯಾಗುತ್ತದೆ.

ಕೆಮಿಕಲ್ ಪೀಲ್: ಸರಿಯಾದ ಕೈಯಲ್ಲಿ ಕೊಟ್ಟ ಕಾಸಿಗೆ ಮೋಸವಿಲ್ಲ

ಪೀಲ್ ಎಂದರೆ ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಕಳಚುವುದು. ಮೊಡವೆ ಕಲೆ, ಎಣ್ಣೆ ಚರ್ಮ, ಮೇಲ್ಪದರದ ಬಂಗು, ಮಂಕಾದ ಮುಖ ಇವಕ್ಕೆ ಬೆಂಗಳೂರಿನಲ್ಲಿ ಸಿಗುವ ಚಿಕಿತ್ಸೆಗಳಲ್ಲಿ ದರಕ್ಕೆ ತಕ್ಕ ಫಲ ಕೊಡುವುದು ಇದೇ. ಒಂದು ಸಲಕ್ಕೆ ಸುಮಾರು 1,500ರಿಂದ 4,000 ರೂಪಾಯಿ. ಎರಡರಿಂದ ನಾಲ್ಕು ವಾರದ ಅಂತರದಲ್ಲಿ ನಾಲ್ಕರಿಂದ ಆರು ಸಲ ಬೇಕಾಗುತ್ತದೆ. ಒಂದೇ ಸಲಕ್ಕೆ ಎಲ್ಲ ಹೋಗಿಸುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ಒಳ್ಳೆಯ ಪೀಲ್ ಶುರುವಾಗುವುದು ಎರಡು ವಾರ ಮೊದಲೇ. ಡಾಕ್ಟರ್ ಸನ್‌ಸ್ಕ್ರೀನ್ ಜೊತೆಗೆ ರಾತ್ರಿ ಹಚ್ಚಲು 0.025% ಟ್ರೆಟಿನಾಯಿನ್ ಅಥವಾ ಕಡಿಮೆ ಪ್ರಮಾಣದ ಗ್ಲೈಕಾಲಿಕ್ ಕ್ರೀಮ್ ಬರೆದು ಚರ್ಮವನ್ನು ಹದ ಮಾಡುತ್ತಾರೆ. ಪೀಲ್‌ಗೆ ಕೆಲವು ದಿನ ಮುಂಚೆ ಅದನ್ನು ನಿಲ್ಲಿಸಲು ಹೇಳುತ್ತಾರೆ. ಒಂದು ವಾರ ಮೊದಲಿನಿಂದ ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಬ್ಲೀಚ್, ಸ್ಕ್ರಬ್ ಬೇಡ ಅನ್ನುತ್ತಾರೆ. ಮೊದಲ ದಿನ ಬಂದವರನ್ನು ಮೊದಲ ದಿನವೇ ಮಲಗಿಸಿ ಪೀಲ್ ಹಚ್ಚುವ ಜಾಗ ಈ ಹಂತವನ್ನು ನುಂಗಿಹಾಕಿದೆ ಎಂದರ್ಥ.

ಇನ್ನು ಪೀಲ್‌ನ ದಿನ. ಮುಖ ತೊಳೆಸಿ, ಸ್ಪಿರಿಟ್ ಅಥವಾ ಅಸಿಟೋನ್ ಅದ್ದಿದ ಗಾಜ್‌ನಿಂದ ಎಣ್ಣೆ ಒರೆಸುತ್ತಾರೆ. ಎಣ್ಣೆ ಉಳಿದ ಕಡೆ ಆಸಿಡ್ ಇಳಿಯುವುದಿಲ್ಲ, ಜಾಸ್ತಿ ಉಜ್ಜಿದ ಕಡೆ ಎರಡರಷ್ಟು ಇಳಿಯುತ್ತದೆ. ಕಣ್ಣಿನ ಮೂಲೆ, ಮೂಗಿನ ಮಡಿಕೆ, ತುಟಿಯ ಅಂಚಿಗೆ ವ್ಯಾಸಲಿನ್. ಕಣ್ಣಿನ ಮೇಲೆ ಒದ್ದೆ ಗಾಜ್. ದ್ರಾವಣವನ್ನು ಪುಟ್ಟ ಬಟ್ಟಲಿಗೆ ಸುರಿದುಕೊಂಡು, ಬ್ರಷ್ ಅಥವಾ ಹತ್ತಿಯಿಂದ ಹಣೆಯಿಂದ ಶುರು ಮಾಡಿ ಕೆನ್ನೆ, ಗಲ್ಲ, ಮೂಗು, ಕೊನೆಗೆ ತುಟಿಯ ಸುತ್ತ ಬರುತ್ತಾರೆ. ಇಡೀ ಮುಖ ಮುಗಿಸಲು ಅರ್ಧ ನಿಮಿಷದ ಮೇಲೆ ಹಿಡಿಯಬಾರದು. ಇಲ್ಲವಾದರೆ ಹಣೆಗೂ ಗಲ್ಲಕ್ಕೂ ಸಿಗುವ ಸಮಯ ಬೇರೆಯಾಗುತ್ತದೆ.

ಇಲ್ಲಿಂದ ಮುಂದಿನ ಮೂರು ನಿಮಿಷಕ್ಕೇ ನೀವು ಫೀಸು ಕೊಡುತ್ತಿರುವುದು. ಗ್ಲೈಕಾಲಿಕ್ 35% ಆದರೆ ಮೊದಲ ಸಲ ಒಂದೆರಡು ನಿಮಿಷ ಸಾಕು. ಗಡಿಯಾರ ಬರೀ ಮೇಲ್ಮಿತಿ. ನೋಡಬೇಕಾದದ್ದು ಚರ್ಮವನ್ನು. ಮುಖ ಒಂದೇ ಸಮ ತಿಳಿಗೆಂಪಾದರೆ ನಿಲ್ಲಿಸುವ ಹೊತ್ತು. ನಮ್ಮ ಬಣ್ಣದ ಚರ್ಮದಲ್ಲಿ ಆ ಕೆಂಪು ಕಾಣುವುದೇ ಕಷ್ಟ, ಒಳ್ಳೆಯ ಲೈಟು ಬೇಕು, ಅಭ್ಯಾಸವಿರುವ ಕಣ್ಣು ಬೇಕು. ಎಲ್ಲಾದರೂ ಬೂದು ಬಿಳುಪಿನ ಮಚ್ಚೆ ಎದ್ದರೆ ಆ ಜಾಗದಲ್ಲಿ ಆಸಿಡ್ ಆಳಕ್ಕಿಳಿಯುತ್ತಿದೆ. ಗಡಿಯಾರದಲ್ಲಿ ಸಮಯ ಉಳಿದಿದ್ದರೂ ಆ ಕ್ಷಣವೇ ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬನೇಟ್ ಬೆರೆಸಿದ ನೀರು ಬೀಳಬೇಕು. ಬಿದ್ದಾಗ ಸಣ್ಣಗೆ ನೊರೆ ಬರುತ್ತದೆ, ಸ್ವಲ್ಪ ಬಿಸಿಯೂ ಆಗುತ್ತದೆ. ಆಮೇಲೆ ತಣ್ಣೀರು, ಸನ್‌ಸ್ಕ್ರೀನ್. ಆ ಸೋಡಾ ನೀರಿನ ಬಟ್ಟಲು ಪೀಲ್ ಹಚ್ಚುವ ಮೊದಲೇ ಕೈಗೆಟಕುವಂತೆ ಇರಬೇಕು. ಹಚ್ಚಿದ ಮೇಲೆ ಒಳಗೆ ಹೋಗಿ ಕಲಸಿ ತರುವ ವ್ಯವಹಾರವಲ್ಲ.

ಸ್ಯಾಲಿಸಿಲಿಕ್ 20–30% ಇದಕ್ಕಿಂತ ಸಲೀಸು. ಮೂರರಿಂದ ಐದು ನಿಮಿಷದಲ್ಲಿ ಆಲ್ಕೋಹಾಲ್ ಆರಿ ಮುಖದ ಮೇಲೆ ಬಿಳಿ ಪುಡಿ ನಿಲ್ಲುತ್ತದೆ. ಅದು ಆಸಿಡ್‌ನ ಹರಳು, ಚರ್ಮ ಸುಟ್ಟದ್ದಲ್ಲ. ಇದಕ್ಕೆ ಸೋಡಾ ಬೇಡ, ನೀರಿನಲ್ಲಿ ತೊಳೆದರಾಯಿತು. ಮೊಡವೆ ಮುಖಕ್ಕೆ ಇದೇ ಮೊದಲ ಆಯ್ಕೆ. ಆಸ್ಪಿರಿನ್ ಅಲರ್ಜಿ ಇದ್ದವರಿಗೆ, ಗರ್ಭಿಣಿಯರಿಗೆ ಬೇಡ. ಮ್ಯಾಂಡೆಲಿಕ್‌ನ ಅಣು ದೊಡ್ಡದು, ನಿಧಾನ ಇಳಿಯುತ್ತದೆ. ಕಪ್ಪು ಮೈಬಣ್ಣಕ್ಕೆ, ಸೂಕ್ಷ್ಮ ಚರ್ಮಕ್ಕೆ ಶುರುಮಾಡಲು ಒಳ್ಳೆಯದು. ಟಿಸಿಎ, ಅಂದರೆ ಟ್ರೈಕ್ಲೋರೋಅಸಿಟಿಕ್ ಆಸಿಡ್, ಮಾತ್ರ ಬೇರೆಯೇ ಜಾತಿ. ಅದರಲ್ಲಿ ಬರುವ ಬಿಳುಪು ನಿಜವಾಗಿ ಚರ್ಮದ ಪ್ರೋಟೀನ್ ಹೆಪ್ಪುಗಟ್ಟಿದ್ದು, ಸೋಡಾ ಹಾಕಿ ಹಿಂದಕ್ಕೆ ತರಲಾಗದು. ಆಳವಾದ ಮೊಡವೆ ಗುಳಿಗಳಿಗೆ ತಜ್ಞರು ಇದನ್ನೇ 50ರಿಂದ 100%ರಷ್ಟು ಗಟ್ಟಿಯಾಗಿ ತೆಗೆದುಕೊಂಡು ಟೂತ್‌ಪಿಕ್ ತುದಿಯಿಂದ ಗುಳಿಯ ತಳಕ್ಕಷ್ಟೇ ಮುಟ್ಟಿಸುತ್ತಾರೆ. ಅದೇ ಬಾಟಲಿ ಪಾರ್ಲರಿನ ಬ್ರಷ್‌ಗೆ ಸಿಕ್ಕರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಲೇಬಲ್ಲಿನ ಶೇಕಡಾ ಒಂದನ್ನೇ ನಂಬಬೇಡಿ. ಪಿಎಚ್ ಕೂಡ ಕೇಳಿ, ಅದು ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಸಿಡ್ ತೀಕ್ಷ್ಣ. 35% ಗ್ಲೈಕಾಲಿಕ್ ಪಿಎಚ್ 3ಕ್ಕೆ ಹದಗೊಳಿಸಿದ್ದಾದರೆ ಮೃದು. ಅದೇ 35% ಪಿಎಚ್ 1ರ ಆಸುಪಾಸಿನಲ್ಲಿದ್ದರೆ ಚುರುಕು ಎಷ್ಟೋ ಪಾಲು ಹೆಚ್ಚು. ಆನ್‌ಲೈನಿನಲ್ಲಿ ಬಾಟಲಿ ತರಿಸಿ ಮನೆಯಲ್ಲಿ ಹಚ್ಚಿಕೊಳ್ಳುವವರು ಎಡವುವುದು ಇಲ್ಲೇ.

ಕೆಟ್ಟುಹೋದ ಪೀಲ್‌ಗಳ ಹಿಂದೆ ಸಾಮಾನ್ಯವಾಗಿ ಅವೇ ನಾಲ್ಕೈದು ಕಾರಣ. ಎರಡು ದಿನದ ಹಿಂದೆ ಮೇಲ್ತುಟಿಗೆ ಥ್ರೆಡ್ಡಿಂಗ್ ಮಾಡಿಸಿರುತ್ತಾರೆ. ಮೇಲ್ತುಟಿಯಲ್ಲಿ ಮೀಸೆಯಂಥ ಕಪ್ಪು ಪಟ್ಟೆ ಬರುತ್ತದೆ. ಕಣ್ಣೀರು ಹರಿದು ಆಸಿಡ್ಡನ್ನು ಕೆನ್ನೆಯ ಪಕ್ಕದಿಂದ ಕಿವಿಯ ಕಡೆಗೋ ಕತ್ತಿಗೋ ಎಳೆದೊಯ್ದು ಗೆರೆ ಬರೆಯುತ್ತದೆ, ಒರೆಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಹಿಂದೆ ತುಟಿಗೆ ಹರ್ಪಿಸ್ ಗುಳ್ಳೆ ಬರುತ್ತಿತ್ತೇ ಎಂದು ಯಾರೂ ಕೇಳಿರುವುದಿಲ್ಲ. ಕೇಳಿದ್ದರೆ ಮುಂಚೆಯೇ ಮಾತ್ರೆ ಕೊಡಬಹುದಿತ್ತು. ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುತ್ತಿರುವುದನ್ನು ಹೇಳಿರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಸಲ ಕಾಣುವುದು ಸ್ಟೀರಾಯ್ಡ್ ಕ್ರೀಮ್: ‘ಬೆಳ್ಳಗಾಗಲು’ ಎಂದು ಮೆಡಿಕಲ್ ಶಾಪಿನಿಂದ ತಂದು ವರ್ಷಗಟ್ಟಲೆ ಹಚ್ಚಿದ ಟ್ಯೂಬು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದು ಎಂದು ಎಚ್ ಶೆಡ್ಯೂಲಿಗೆ ಸೇರಿಸಿತು. ಕೌಂಟರಿನಲ್ಲಿ ಹೆಸರು ಹೇಳಿದರೆ ಸಿಗುವುದು ಇನ್ನೂ ನಿಂತಿಲ್ಲ. ಅದನ್ನು ಹಚ್ಚಿದ ಚರ್ಮ ತೆಳುವಾಗಿ, ಕೆಂಪು ನರಗಳು ಎದ್ದು, ಬಿಸಿಲಿಗೆ ಹೋದರೆ ಉರಿಯುತ್ತಿರುತ್ತದೆ. ಅದರ ಮೇಲೆ ಪೀಲ್ ಹಚ್ಚುವುದು ಸುಟ್ಟ ಗಾಯಕ್ಕೆ ಉಪ್ಪು ಸವರಿದಂತೆ. ಏನೇನು ಹಚ್ಚಿದ್ದೀರೋ ಆ ಟ್ಯೂಬುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಹೆಸರು ಬಾಯಲ್ಲಿ ಹೇಳುವುದಕ್ಕಿಂತ ಅದು ಮೇಲು.

ಪೀಲ್ ಆದ ಎರಡು ಮೂರನೇ ದಿನಕ್ಕೆ ಬಾಯಿಯ ಸುತ್ತ ಚರ್ಮ ಬಿಗಿದು ಸಿಪ್ಪೆ ಏಳುತ್ತದೆ. ಕೀಳಬೇಡಿ, ಕಿತ್ತ ಕಡೆ ಕಲೆ ಖಚಿತ. ಸನ್‌ಸ್ಕ್ರೀನ್ ಎರಡು ಬೆರಳಿನುದ್ದಕ್ಕೆ ಹಿಂಡಿದಷ್ಟು ಬೇಕು, ಕಡಲೆಕಾಳಿನಷ್ಟಲ್ಲ. ಬಂಗಿಗೆ ಪೀಲ್ ಮಾಡಿಸುವವರಿಗೆ ಒಂದು ಮಾತು: ತಿಳಿಯಾಗುತ್ತದೆ, ಬಿಸಿಲಿಗೆ ಮರಳಿ ಬರುತ್ತದೆ. ಶಾಶ್ವತ ಪರಿಹಾರ ಎಂದು ಬರೆದುಕೊಡುವವರು ವೈದ್ಯಕೀಯ ಮಾಡುತ್ತಿಲ್ಲ, ವ್ಯಾಪಾರ ಮಾಡುತ್ತಿದ್ದಾರೆ.

ಹೈಡ್ರಾ ಫೇಶಿಯಲ್: ಮದುವೆಗೆ ಸರಿ, ಕಲೆಗೆ ಅಲ್ಲ

ಇದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನೀರಿನಂಥ ಸೀರಮ್ ಬಿಡುತ್ತಾ, ಜೊತೆಜೊತೆಗೇ ಹೀರುತ್ತಾ ಹೋಗುವ ಟಿಪ್ಪು ಸತ್ತ ಪದರವನ್ನೂ ಬ್ಲ್ಯಾಕ್‌ಹೆಡ್ಡನ್ನೂ ತೆಗೆಯುತ್ತದೆ. ನೋವಿಲ್ಲ. ಮುಖ ಕೆಲವು ದಿನ ತುಂಬಿಕೊಂಡು ಹೊಳೆಯುತ್ತದೆ, ಆಮೇಲೆ ಮೊದಲಿನಂತೆ. ಹೈಡ್ರಾಫೇಶಿಯಲ್ ಎನ್ನುವುದು ಒಂದು ಅಮೆರಿಕನ್ ಮಷಿನ್ನಿನ ಬ್ರ್ಯಾಂಡ್ ಹೆಸರು. ಊರ ತುಂಬ ‘ಹೈಡ್ರಾ’ ಎಂದು ನಡೆಯುವುದರಲ್ಲಿ ಬಹುಪಾಲು ಬೇರೆ ಮಷಿನ್‌ಗಳು. ಅಗ್ಗದ ಮಷಿನ್ ಇದ್ದರೆ ಅಗ್ಗದ ದರವಿರಲಿ, ಅಷ್ಟೇ ತಕರಾರು. ಟಿಪ್ಪನ್ನು ನಿಮ್ಮೆದುರಿಗೇ ಪ್ಯಾಕೆಟ್ ಹರಿದು ಹಾಕಬೇಕು. ಹೀರುವ ಒತ್ತಡ ಜಾಸ್ತಿ ಇಟ್ಟು ಒಂದೇ ಜಾಗದಲ್ಲಿ ನಿಲ್ಲಿಸಿದರೆ ಕೆನ್ನೆಯ ಮೇಲೆ ನೀಲಿ ಗೆರೆ ಏಳುತ್ತದೆ. ಸಮಾರಂಭಕ್ಕೆ ಮೂರು ನಾಲ್ಕು ದಿನ ಮೊದಲು ಮಾಡಿಸಿ, ಹಿಂದಿನ ಸಂಜೆ ಬೇಡ.

ಕೊನೆಯಲ್ಲಿ ಕೊಳಕು ನೀರಿನ ಜಾಡಿ ತೋರಿಸಿ ‘ನೋಡಿ ಮೇಡಂ, ನಿಮ್ಮ ಮುಖದಲ್ಲಿ ಎಷ್ಟು ಗಲೀಜಿತ್ತು’ ಅನ್ನುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಅವರೇ ಬಿಟ್ಟ ಸೀರಮ್, ಉಳಿದದ್ದು ಬೆಳಿಗ್ಗೆ ನೀವು ಹಚ್ಚಿದ ಸನ್‌ಸ್ಕ್ರೀನ್ ಮತ್ತು ಸತ್ತ ಚರ್ಮ. ಬ್ಲೀಚ್‌ನದೂ ಇಂಥದೇ ಕಣ್ಕಟ್ಟು. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯಾ ಸೇರಿ ಮುಖದ ಸಣ್ಣ ಕೂದಲನ್ನು ಹೊಂಬಣ್ಣ ಮಾಡುತ್ತವೆ, ಮುಖ ಬೆಳಗಿದಂತೆ ಕಾಣುತ್ತದೆ. ಒಳಗಿನ ಮೈಬಣ್ಣ ಬದಲಾಗಿರುವುದಿಲ್ಲ.

ಲೇಸರ್ ಟೋನಿಂಗ್: ಪ್ಯಾಕೇಜ್ ಕೊಳ್ಳಬೇಡಿ

1064 ನ್ಯಾನೋಮೀಟರಿನ ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಲೇಸರನ್ನು ಕಡಿಮೆ ಶಕ್ತಿಯಲ್ಲಿ ಮತ್ತೆಮತ್ತೆ ಹಾಯಿಸುವುದು ಟೋನಿಂಗ್. ಕೆಲವರ ಕಲೆ ತಿಳಿಯಾಗುವುದು ನಿಜ. ಆದರೆ ಇದರ ಕೆಟ್ಟ ಪರಿಣಾಮ ತಡವಾಗಿ ಬರುತ್ತದೆ: ವಾರವಾರ ಹತ್ತು ಹದಿನೈದು ಸಲ ಮಾಡಿಸಿದ ಮೇಲೆ ಕೆನ್ನೆಯ ಮೇಲೆ ಅವಲಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆಗಳು. ಕಪ್ಪು ಕಲೆಗಿಂತ ಈ ಬಿಳಿ ಚುಕ್ಕೆಗೆ ಮದ್ದು ಕಷ್ಟ. ಹತ್ತು ಸಿಟ್ಟಿಂಗಿನ ದುಡ್ಡು ಮೊದಲೇ ಕಟ್ಟಿದ್ದರೆ ನಾಲ್ಕಕ್ಕೇ ನಿಲ್ಲಿಸಲು ಮನಸ್ಸು ಬರುವುದಿಲ್ಲ, ಕ್ಲಿನಿಕ್ಕಿಗೂ, ನಿಮಗೂ. ಒಂದೊಂದು ಸಲಕ್ಕೆ ಕಟ್ಟಿ, ಪ್ರತಿ ಸಲ ಡಾಕ್ಟರ್ ಮುಖ ನೋಡಿದ ಮೇಲೆ ಮುಂದುವರಿಸಿ.

ಗಲ್ಲದ ಕೂದಲಿಗೆ ಲೇಸರ್ ಕೇಳುವಾಗ ತರಂಗದೂರ ಕೇಳಿ. ಡಯೋಡ್ ಆದರೆ 808–810, ಕಪ್ಪು ಚರ್ಮಕ್ಕೆ ಎನ್‌ಡಿ-ಯಾಗ್ 1064. ಅಲೆಕ್ಸಾಂಡ್ರೈಟ್ 755 ಮತ್ತು ಐಪಿಎಲ್ (ಲೇಸರ್ ಅಲ್ಲದ, ತೀವ್ರ ಬೆಳಕು ಮಿಂಚಿಸುವ ಮಷಿನ್) ನಮ್ಮ ಬಣ್ಣವನ್ನೂ ಕೂದಲೆಂದೇ ಎಣಿಸಿ ಸುಡುವ ಅಪಾಯ ಹೆಚ್ಚು. ಕಣ್ಣಿಗೆ ಮುಚ್ಚಳ ನಿಮಗೂ ಇರಬೇಕು, ಮಷಿನ್ ಹಿಡಿದವರಿಗೂ ಇರಬೇಕು. ಮುಟ್ಟು ಏರುಪೇರಾಗಿ ಗಲ್ಲದಲ್ಲಿ ಕೂದಲು ಬಂದಿದ್ದರೆ ಮೊದಲು ಹಾರ್ಮೋನ್ ಪರೀಕ್ಷೆ. ಅದನ್ನು ಕೇಳದೆಯೇ ಲೇಸರ್ ಶುರು ಮಾಡುವವರು ಸೋರುವ ನಲ್ಲಿಯ ಕೆಳಗೆ ನೆಲ ಒರೆಸುತ್ತಿದ್ದಾರೆ.

ಸೂಜಿಯ ಚಿಕಿತ್ಸೆಗಳು: ಇಲ್ಲಿ ಚೌಕಾಸಿ ಬೇಡ

ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಮುಖ ಚುಚ್ಚುವುದು), ಪಿಆರ್‌ಪಿ, ಬೊಟಾಕ್ಸ್ (ಸ್ನಾಯು ಸಡಿಲಿಸಿ ಗೆರೆ ಅಳಿಸುವ ಇಂಜೆಕ್ಷನ್), ಫಿಲ್ಲರ್ (ಚರ್ಮದಡಿ ತುಂಬುವ ಜೆಲ್). ನಾಲ್ಕೂ ಚರ್ಮ ಚುಚ್ಚುವಂಥವು, ಪಾರ್ಲರಿನ ಕೆಲಸ ಅಲ್ಲವೇ ಅಲ್ಲ. ‘ವ್ಯಾಂಪೈರ್ ಫೇಶಿಯಲ್’ ಎಂದು ಕರೆಯುವ ಪಿಆರ್‌ಪಿಯಲ್ಲಿ ನಿಮ್ಮದೇ ರಕ್ತ ತೆಗೆದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಇರುವ ಹಳದಿ ಭಾಗವನ್ನು ಮುಖಕ್ಕೆ ಹಾಕುತ್ತಾರೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರವಾನಗಿಯಿಲ್ಲದ ಒಂದು ಸ್ಪಾದಲ್ಲಿ ಇದನ್ನು ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ಆ ಸ್ಪಾದಲ್ಲಿ ಹೆಸರು ಬರೆಯದ ರಕ್ತದ ಟ್ಯೂಬುಗಳು ಅಡುಗೆಮನೆಯ ಕಟ್ಟೆಯ ಮೇಲಿದ್ದವು, ಪ್ಯಾಕೆಟ್ ಬಿಚ್ಚಿದ ಸಿರಿಂಜುಗಳು ಡ್ರಾಯರಿನಲ್ಲೂ ಕೌಂಟರಿನ ಮೇಲೂ ಬಿದ್ದಿದ್ದವು. ಹಾಗಾಗಿ ನೋಡಬೇಕಾದ್ದು ಎರಡೇ: ರಕ್ತ ತೆಗೆದ ಕೂಡಲೇ ಟ್ಯೂಬಿನ ಮೇಲೆ ನಿಮ್ಮ ಹೆಸರು ಬಿತ್ತೇ? ಸೂಜಿಯ ಕಾರ್ಟ್ರಿಜ್ ಸೀಲು ನಿಮ್ಮೆದುರಿಗೆ ಒಡೆಯಿತೇ?

ಬೊಟಾಕ್ಸ್ ಯೂನಿಟ್ ಲೆಕ್ಕದ್ದು. 100 ಯೂನಿಟ್ಟಿನ ವಯಲಿಗೆ 2.5 ಎಂಎಲ್ ಸಲೈನ್ ಬೆರೆಸಿದರೆ 0.1 ಎಂಎಲ್‌ನಲ್ಲಿ 4 ಯೂನಿಟ್. ಹುಬ್ಬುಗಳ ನಡುವಿನ ಗೆರೆಗೆ ಐದು ಕಡೆ ಚುಚ್ಚಿ ಒಟ್ಟು 20 ಯೂನಿಟ್ ಎನ್ನುವುದು ಪ್ರಮಾಣಿತ ಅಳತೆ. ಸಲೈನ್ ಜಾಸ್ತಿ ಬೆರೆಸಿದರೆ ಸಿರಿಂಜು ತುಂಬಿರುತ್ತದೆ, ಔಷಧಿ ಇರುವುದಿಲ್ಲ. ಎರಡು ತಿಂಗಳಿಗೇ ಗೆರೆ ವಾಪಸ್. ಬ್ರ್ಯಾಂಡಿನ ಹೆಸರೂ ಬೇಕು, ಏಕೆಂದರೆ ಒಂದರ ಯೂನಿಟ್ಟು ಇನ್ನೊಂದರದ್ದಕ್ಕೆ ಸಮವಲ್ಲ: ಅದೇ ಗೆರೆಗೆ ಡಿಸ್‌ಪೋರ್ಟ್ ಆದರೆ 50 ಯೂನಿಟ್. ‘ಹಣೆಗೆ ಇಷ್ಟು ಸಾವಿರ’ ಎನ್ನುವ ದರ ಒಪ್ಪಬೇಡಿ. ಯೂನಿಟ್ಟಿಗೆ ಎಷ್ಟು, ಎಷ್ಟು ಯೂನಿಟ್ ಹಾಕಿದಿರಿ ಎಂದು ಕೇಳಿ. ಫಲ ಪೂರ್ತಿ ಕಾಣಲು ಎರಡು ವಾರ, ಉಳಿಯುವುದು ಮೂರು ನಾಲ್ಕು ತಿಂಗಳು. ತಪ್ಪು ಜಾಗಕ್ಕೆ ಹರಿದರೆ ಕಣ್ಣರೆಪ್ಪೆ ಜೋಲುತ್ತದೆ. ವಾರಗಳಲ್ಲಿ ಸರಿಹೋಗುತ್ತದೆ, ಆದರೆ ಆ ವಾರಗಳು ಉದ್ದ.

ಫಿಲ್ಲರ್ ತಪ್ಪಿದರೆ ವಾರ ಕಾಯುವ ಮಾತೇ ಇಲ್ಲ. ಮೂಗಿನ ದಿಂಡು, ಹುಬ್ಬಿನ ನಡುವೆ ಚುಚ್ಚುವಾಗ ಜೆಲ್ ರಕ್ತನಾಳದೊಳಗೆ ಹೊಕ್ಕರೆ ಚರ್ಮ ತಟ್ಟನೆ ಬಿಳಿಚಿಕೊಳ್ಳುತ್ತದೆ, ನೋವು ಏರುತ್ತದೆ, ಆಮೇಲೆ ಬಲೆಯಂಥ ನೇರಳೆ ಗೆರೆ ಮೂಡುತ್ತದೆ. ಕಣ್ಣಿನ ನಾಳ ಮುಟ್ಟಿದರೆ ದೃಷ್ಟಿಯೇ ಹೋಗಬಹುದು. ಹೈಯಲುರಾನಿಕ್ ಆಸಿಡ್ ಫಿಲ್ಲರ್ ಆಗಿದ್ದರೆ ಅದನ್ನು ಕರಗಿಸುವ ಹೈಯಲುರೋನಿಡೇಸ್ ಎಂಬ ಇಂಜೆಕ್ಷನ್ ಇದೆ, ತಕ್ಷಣ ಕೊಡಬೇಕು. ಆದ್ದರಿಂದ ಚುಚ್ಚಿಸಿಕೊಳ್ಳುವ ಮೊದಲು ಕೇಳಬೇಕಾದ ಒಂದೇ ಪ್ರಶ್ನೆ: ‘ಹೈಯಲುರೋನಿಡೇಸ್ ಇಲ್ಲಿ ಈಗ ಸ್ಟಾಕ್ ಇದೆಯೇ?’ ‘ಬೇಕಾದರೆ ತರಿಸುತ್ತೇವೆ’ ಎಂದರೆ ಅಲ್ಲಿ ಫಿಲ್ಲರ್ ಬೇಡ. ಕರಗಿಸಲಾಗದ ಸಿಲಿಕೋನ್ ತರಹದ್ದಂತೂ ಎಲ್ಲೂ ಬೇಡ.

ಬೆಳ್ಳಗಾಗಲು ಗ್ಲುಟಾಥಯೋನ್ ಡ್ರಿಪ್ ಹಾಕಿಸುವವರಿಗೆ: ಮೈಬಣ್ಣ ತಿಳಿ ಮಾಡಲೆಂದು ಆ ಇಂಜೆಕ್ಷನ್ನಿಗೆ ನಮ್ಮ ದೇಶದಲ್ಲಿ ಅನುಮೋದನೆ ಇಲ್ಲ. ಫಿಲಿಪ್ಪೀನ್ಸ್‌ನ ಔಷಧ ಇಲಾಖೆ 2011ರಲ್ಲೇ ಇದರ ವಿರುದ್ಧ ಎಚ್ಚರಿಸಿತ್ತು. ಇದಕ್ಕೆ ಸೊನ್ನೆ ಅಂಕ.

ಯಾರ ಕೈ?

‘ಕಾಸ್ಮೆಟಾಲಜಿಸ್ಟ್’ ಎಂಬ ಬೋರ್ಡು ಯಾವ ಮಾನ್ಯತೆಯನ್ನೂ ಹೇಳುವುದಿಲ್ಲ. ಎಂಬಿಬಿಎಸ್ ಆದಮೇಲೆ ಮೂರು ವರ್ಷದ ಎಂಡಿ ಡಿವಿಎಲ್, ಡಿಎನ್‌ಬಿ ಡರ್ಮಟಾಲಜಿ ಅಥವಾ ಹಳೆಯ ಡಿಪ್ಲೊಮಾ ಡಿಡಿವಿಎಲ್, ಇವು ಚರ್ಮತಜ್ಞರ ಪದವಿ. ಪ್ಲಾಸ್ಟಿಕ್ ಸರ್ಜನ್ ಆದರೆ ಎಂಸಿಎಚ್ ಅಥವಾ ಡಿಎನ್‌ಬಿ. ವಾರಾಂತ್ಯದ ಕೋರ್ಸಿನ ‘ಫೆಲೋಶಿಪ್ ಇನ್ ಏಸ್ಥೆಟಿಕ್ಸ್’ ಗೋಡೆಯ ಮೇಲೆ ಎಷ್ಟು ದೊಡ್ಡ ಚೌಕಟ್ಟಿನಲ್ಲಿದ್ದರೂ ಅವುಗಳ ಸಮವಲ್ಲ. ಹೆಸರಿನ ಮುಂದಿನ ರಿಜಿಸ್ಟ್ರೇಷನ್ ನಂಬರನ್ನು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲೋ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದ ರಿಜಿಸ್ಟರಿನಲ್ಲೋ ನೋಡಬಹುದು, ಐದು ನಿಮಿಷದ ಕೆಲಸ. ಕ್ಲಿನಿಕ್ಕಿಗೆ ಕೆಪಿಎಂಇ, ಅಂದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇರಬೇಕು. ಆ ಪ್ರಮಾಣಪತ್ರ ಕಣ್ಣಿಗೆ ಕಾಣುವಂತೆ ಹಾಕಿರಬೇಕು.

ಪದವಿ ಇದ್ದರೂ ಕೈ ಯಾರದ್ದು ಎಂಬ ಪ್ರಶ್ನೆ ಉಳಿಯುತ್ತದೆ. ‘ಡಾಕ್ಟರ್ ನೋಡುತ್ತಾರೆ’ ಮತ್ತು ‘ಡಾಕ್ಟರ್ ಮಾಡುತ್ತಾರೆ’ ಎರಡೂ ಒಂದೇ ಅಲ್ಲ. ಹೈಡ್ರಾ ಫೇಶಿಯಲ್ ಥೆರಪಿಸ್ಟ್ ಮಾಡಿದರೆ ತೊಂದರೆಯಿಲ್ಲ, ಸೌಮ್ಯ ಪೀಲನ್ನು ಡಾಕ್ಟರ್ ಅದೇ ಮಹಡಿಯಲ್ಲಿದ್ದಾಗ ನುರಿತ ಥೆರಪಿಸ್ಟ್ ಮಾಡಬಹುದು. ಟಿಸಿಎ, ಬೊಟಾಕ್ಸ್, ಫಿಲ್ಲರ್ ಡಾಕ್ಟರೇ ಮಾಡಬೇಕು. ಚೈನ್ ಕ್ಲಿನಿಕ್‌ಗಳಲ್ಲಿ ಮೊದಲು ಎದುರಾಗುವ ‘ಕೌನ್ಸೆಲರ್’ ವೈದ್ಯರಲ್ಲ, ಮಾರಾಟದವರು. ಚರ್ಮ ನೋಡುವ ಮೊದಲೇ ಇಎಂಐ ಮಾತಾಡಿದರೆ ನಿಮಗೆ ಉತ್ತರ ಸಿಕ್ಕಂತೆ. ಖರ್ಚಿಗೆ ಹೆದರುವವರು ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಬೆಂಗಳೂರಿನ ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ ಇಂಥವುಗಳಲ್ಲಿ ಕ್ಯೂ ಉದ್ದ, ಎಸಿ ಇಲ್ಲ, ಆದರೆ ಮುಖ ನೋಡುವವರು ಚರ್ಮದ ಡಾಕ್ಟರೇ.

ಒಂದು ವೇಳೆ ಪೀಲ್ ಅಥವಾ ಲೇಸರಿನ ದಿನ ರಾತ್ರಿ ಉರಿ ಇಳಿಯದೆ ಗುಳ್ಳೆ ಎದ್ದರೆ ತಣ್ಣೀರಿನ ಬಟ್ಟೆ ಇಡಿ. ಐಸ್ ನೇರ ಬೇಡ, ಟೂತ್‌ಪೇಸ್ಟ್, ಅರಿಶಿನ, ಮನೆಯಲ್ಲಿರುವ ಹಳೆಯ ಟ್ಯೂಬು ಯಾವುದೂ ಬೇಡ. ಬೆಳಕಿನಲ್ಲಿ ಫೋಟೊ ತೆಗೆದಿಟ್ಟು ಮರುದಿನ ಬೆಳಿಗ್ಗೆಯೇ ಚರ್ಮತಜ್ಞರಿಗೆ ತೋರಿಸಿ. ಪರಿಹಾರ ಕೇಳಬೇಕಾಗಿ ಬಂದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿ ನಿಲ್ಲುವುದು ಕಾಗದ ಮಾತ್ರ. ಬಿಲ್ಲಿನಲ್ಲಿ ‘ಸ್ಕಿನ್ ಪ್ಯಾಕೇಜ್’ ಎಂದಷ್ಟೇ ಇದ್ದರೆ ಕೌಂಟರಿನಲ್ಲೇ ನಿಂತು ತಿದ್ದಿಸಿ: ಯಾವ ಆಸಿಡ್, ಎಷ್ಟು ಶೇಕಡಾ, ಎಷ್ಟು ನಿಮಿಷ, ಅಥವಾ ಯಾವ ಬ್ರ್ಯಾಂಡ್, ಬ್ಯಾಚ್ ನಂಬರ್, ಎಷ್ಟು ಯೂನಿಟ್, ಮಾಡಿದವರು ಯಾರು. ವಯಲ್ ಮೇಲಿನ ಸ್ಟಿಕ್ಕರನ್ನು ನಿಮ್ಮ ಫೈಲಿಗೆ ಅಂಟಿಸಿಕೊಡಿ ಎಂದರೆ ಒಳ್ಳೆಯ ಕ್ಲಿನಿಕ್ಕಿನವರು ಮುಖ ಗಂಟಿಕ್ಕುವುದಿಲ್ಲ.